ಪ್ರತಿ ಪುಟಕ್ಕೂ ಸಹಿ ಹಾಕಿದ ವಿಮಾನ ನಿಲ್ದಾಣ

ದುಬೈಯಲ್ಲಿರುವ ನನ್ನ ಮಗಳು ವನಜಳಿಗೆ ಚೊಚ್ಚಲ ಹೆರಿಗೆ ಹತ್ತಿರ ಬಂದಿತ್ತು. ಬಾಣಂತಿಗೆ ಮದ್ದು ಅರೆಯುವುದರಲ್ಲಿ, ಮಗುವಿಗೆ ಎಣ್ಣೆ ಹಚ್ಚುವುದರಲ್ಲಿ ಇಡೀ ಬಂಟ್ವಾಳಕ್ಕೆ ನಾನೇ ಸೈ. ಹೋಗುವುದಕ್ಕೆ ಇದ್ದದ್ದು ಒಂದೇ ಅಡ್ಡಿ. ವಿಮಾನ! ನಮ್ಮ ಬಜ್ಪೆ ನಿಲ್ದಾಣದಲ್ಲಿ ಅದು ಗುಡ್ಡದ ನೆತ್ತಿಯಿಂದ ಹಾರುತ್ತದೆ. ನಾನು ಸ್ಟೂಲು ಹತ್ತಿದರೂ ಕಣ್ಣು ಮುಚ್ಚುವವಳು.

“ಭಾನುವಾರದೊಳಗೆ ಹೇಳು ಅಮ್ಮ. ನೀನು ಬರದಿದ್ರೆ ಅತ್ತೆಯನ್ನು ಕರೆಸ್ತೇನೆ,” ಎಂದಳು ವನಜ ಫೋನಿನಲ್ಲಿ.

ಅವಳ ಅತ್ತೆ ಮಾಡುವ ಮೆಂತೆ ಗಂಜಿಯನ್ನು ನಾನು ಉಂಡಿದ್ದೇನೆ. ಮಗಳ ಗತಿ ಏನು!

ಮೂಡುಬಿದಿರೆಯಲ್ಲಿ ಕಾಲೇಜು ಓದುವ ಮೊಮ್ಮಗಳು, ನನ್ನ ಹಿರಿಯ ಮಗನ ಮಗಳು ಪ್ರಜ್ಞಾ ಉಪಾಯ ಹೇಳಿದಳು. ಅವಳ ಲ್ಯಾಪ್‌ಟಾಪಿನಲ್ಲಿ ವಿಮಾನ ಹಾರಿಸುವ ಆಟ ಇದೆ. “ಇದ್ರಲ್ಲಿ ನಾಲ್ಕು ಸಲ ಹಾರಿದ್ರೆ ಹೆದರಿಕೆ ಹೋಗ್ತದೆ ಅಜ್ಜಿ. ನಮ್ಮ ಬಜ್ಪೆಯನ್ನೇ ಹಾಕುವ.” ಯಾರೋ ಒಬ್ಬ ನಮ್ಮ ನಿಲ್ದಾಣವನ್ನು ಗುಡ್ಡ ಸಮೇತ ತಯಾರಿಸಿ ಫೈಲಾಗಿ ಮಾರುತ್ತಾನಂತೆ. ಇವಳು ಕೊಂಡು ಪೆನ್‌ಡ್ರೈವಿನಲ್ಲಿ ತಂದಿದ್ದಳು. ಫೈಲು ತೆರೆಯಲಿಲ್ಲ.

“ಇದು ಹಳೆಯ ಆಟಕ್ಕೆ ಮಾಡಿದ್ದು. ಬೀಗ ಬೇರೆ ಹಾಕಿದ್ದಾರೆ. ಕನ್ವರ್ಟ್ ಮಾಡ್ಬೇಕು. ಶನಿವಾರ ಬಂದು ನೋಡ್ತೇನೆ, ನೀವು ಮುಟ್ಟಬೇಡಿ ಆಯ್ತಾ?” ಎಂದು ಪೆನ್‌ಡ್ರೈವನ್ನು ಮೇಜಿನ ಮೇಲಿಟ್ಟು ಹೋದಳು.

ಮುಟ್ಟಬೇಡಿ ಎಂದರೆ ನನ್ನ ಕೈ ಸುಮ್ಮನಿರುವುದಿಲ್ಲ. ಅಲ್ಲದೆ ಇದೇನು ದೊಡ್ಡ ವಿಷಯ? ತಾಲೂಕು ಕಚೇರಿಯ ಎದುರು ಹಮೀದನ ಸೈಬರ್ ಇದೆ. ಊರಿನ ಪಹಣಿ, ರೇಷನ್ ಕಾರ್ಡು, ಮರಣಪತ್ರ ಎಲ್ಲವನ್ನೂ ಕನ್ವರ್ಟ್ ಮಾಡುವವನು ಅವನೇ.

“ಹಮೀದ್, ಇದೊಂದು ಕನ್ವರ್ಟ್ ಮಾಡಿಕೊಡು ಮಾರಾಯ.”

“ಎಂತದಮ್ಮ ಇದು?”

“ವಿಮಾನ ನಿಲ್ದಾಣ.”

ಹಮೀದ ತಲೆ ಎತ್ತಲಿಲ್ಲ. “ಯಾರ ಹೆಸರಲ್ಲಿ ಉಂಟು?”

“ಸದ್ಯ ಮೊಮ್ಮಗಳ ಹೆಸರಲ್ಲಿ.”

ಅವನು ಫೈಲನ್ನು ಹಾಡಿನಂತೆ ತೆರೆದ. ಹಾಡಲಿಲ್ಲ. ಫೋಟೋದಂತೆ ತೆರೆದ. ಬರೀ ಕಪ್ಪು. ಕೊನೆಗೆ ಅರ್ಜಿಯಂತೆ ತೆರೆದಾಗ ಪರದೆಯ ತುಂಬ ಚೌಕಗಳು, ಪ್ರಶ್ನೆ ಚಿಹ್ನೆಗಳು ಬಂದವು. “ಬಂತು ಅಮ್ಮ! ಪಿಡಿಎಫ್ ಮಾಡ್ತೇನೆ, ಪ್ರಿಂಟೂ ಕೊಡ್ತೇನೆ!”

ಪ್ರಿಂಟರ್ ಓಡಿತು. ಓಡುತ್ತಲೇ ಇತ್ತು. ಹಿಂದೆ ನಿಂತವರು ನನ್ನ ವಂಶವನ್ನೆಲ್ಲ ನೆನೆದರು. ಕೊನೆಗೆ ಮಡಿಲು ತುಂಬುವಷ್ಟು ಕಾಗದ ನನ್ನ ಕೈಗೆ ಬಂತು.

“ಪ್ರತಿ ಪುಟಕ್ಕೂ ಸಹಿ ಹಾಕಿ ಅಮ್ಮ. ಸಹಿ ಇಲ್ಲದ್ದನ್ನು ಯಾರೂ ತೆಗೆದುಕೊಳ್ಳುವುದಿಲ್ಲ.”

ಸರಿಯಾದ ಮಾತು! ಬೆಂಚಿನಲ್ಲಿ ಕುಳಿತು ಗಿರಿಜ, ಗಿರಿಜ ಎಂದು ಬರೆದೆ. ಮೂರನೇ ತರಗತಿಯಲ್ಲಿ ಶಾಲೆ ಬಿಟ್ಟ ಮೇಲೆ ಅಷ್ಟು ಬರೆದದ್ದು ಅದೇ ಮೊದಲು.

ಶನಿವಾರ ಪ್ರಜ್ಞಾ ಕಟ್ಟು ಬಿಚ್ಚಿದಳು. “ಇದೆಂತ ಅಜ್ಜಿ?”

“ಬಜ್ಪೆ. ದೃಢೀಕರಿಸಿದ್ದೇನೆ.”

ಅವಳು ನಗುತ್ತಾ ನೆಲಕ್ಕೆ ಕುಳಿತಳು. ಪೆನ್‌ಡ್ರೈವ್ ಹಾಕಿದಾಗ ನಗು ನಿಂತಿತು. ಹಮೀದ ಮೂಲ ಫೈಲಿನ ಹೆಸರಿನ ಬಾಲವನ್ನೇ ಪಿಡಿಎಫ್ ಎಂದು ಬದಲಾಯಿಸಿದ್ದ. “ನನ್ನತ್ರ ಇದ್ದದ್ದು ಇದೊಂದೇ!” ಎಂದಳು. ನಾಳೆಯೇ ಭಾನುವಾರ!

ಅವಳು ಹಳೆಯ ಬಾಲ ಅಂಟಿಸಿ ನೋಡಿದಳು. ಪುಣ್ಯಕ್ಕೆ ಒಳಗಿನದಕ್ಕೆ ಏನೂ ಆಗಿರಲಿಲ್ಲ. “ಇದಕ್ಕೆ ಮಾಡಿದವನದ್ದೇ ಪ್ರೋಗ್ರಾಮ್ ಬೇಕು. ನಿನ್ನೆ ಇಳಿಸಿಕೊಂಡೆ,” ಎಂದು ಕೊಳ್ಳುವಾಗ ಸಿಕ್ಕಿದ ಗುಟ್ಟಿನ ಸಂಖ್ಯೆ ಒತ್ತಿದಳು. ಗಂಟೆಯೊಳಗೆ ಪರದೆಯಲ್ಲಿ ಕೆಂಪು ಮಣ್ಣಿನ ಗುಡ್ಡ, ಅದರ ಮೇಲೆ ರನ್‌ವೇ!

ನಾನು ಶಿಸ್ತಾಗಿ ಮೈ ಒರೆಸುವ ಬೈರಾಸಿನಿಂದ ಸೊಂಟವನ್ನು ಕುರ್ಚಿಗೆ ಬಿಗಿದುಕೊಂಡೆ. ಪ್ರಜ್ಞಾ ಹಾರಿಸಿದಳು. ಕೆಳಗೆ ನೇತ್ರಾವತಿ ಹಗ್ಗದಂತೆ ಕಂಡಿತು. ಮೊದಲ ಸಲ ಕಣ್ಣು ಮುಚ್ಚಿದೆ. ಎರಡನೇ ಸಲ ಒಂದು ಕಣ್ಣು ತೆರೆದೆ. ನಾಲ್ಕನೇ ಸಲ ಎರಡೂ ಕಣ್ಣು ತೆರೆದು, ಇಳಿಯುವಾಗ “ನಿಧಾನ ಹೆಣ್ಣೇ!” ಎಂದು ಗದರಿಸಿದೆ.

ಕೂಡಲೇ ವನಜಳಿಗೆ ಫೋನು ಮಾಡಿದೆ. “ಟಿಕೆಟ್ ಮಾಡು! ನಾನೇ ಬರ್ತೇನೆ! ವಿಮಾನ ಎಂದ್ರೆ ಎಂತದೂ ಇಲ್ಲ!” ಎನ್ನುತ್ತಾ ಠೀವಿಯಿಂದ ಎದ್ದೆ. ಕುರ್ಚಿಯೂ ಜೊತೆಗೆ ಎದ್ದಿತು. ಇಬ್ಬರೂ ಧೊಪ್ಪನೆ ಬಿದ್ದೆವು.

“ಅದೆಂತ ಶಬ್ದ ಅಮ್ಮ?”

“ಎಂತ ಇಲ್ಲ,” ಎಂದೆ ನೆಲದಿಂದಲೇ. “ಈಗಷ್ಟೇ ಇಳಿದೆ.”