ಮಾವನ ‘ಪರವಾಗಿಲ್ಲ’

ಎರಡನೆಯ ಮಹಾಯುದ್ಧ ಶುರುವಾದ ವರ್ಷ, ಕಾರ್ತಿಕ ಮಾಸದಲ್ಲಿ, ಮಧುಗಿರಿಯ ನನ್ನ ಸೋದರಮಾವ ಒಬ್ಬ ಹುಡುಗನನ್ನು ಹೊಗಳಿದರು. ಇದೂ ಒಂದು ಸುದ್ದಿಯೇ ಎಂದು ನೀವು ಕೇಳಬಹುದು. ಯುದ್ಧದ ಸುದ್ದಿಯನ್ನಾದರೂ ನಮ್ಮೂರು ಬೇಗ ಅರಗಿಸಿಕೊಂಡಿತು, ಇದನ್ನು ಅರಗಿಸಿಕೊಳ್ಳಲಾಗಲಿಲ್ಲ!

ಮಾವ ನಿವೃತ್ತ ಮೇಷ್ಟ್ರು. ಬೆಂಗಳೂರಿನ ಒಂದು ವಾರಪತ್ರಿಕೆಗೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಸಂಗೀತ, ಹರಿಕಥೆ, ನಾಟಕಗಳ ವರದಿ ಬರೆಯುತ್ತಿದ್ದರು. ನಾನು ಮುಂದೆ ಪತ್ರಿಕೆಯ ಕಚೇರಿಯಲ್ಲಿ ಕೂತು ಬೇರೆಯವರ ವಿಶೇಷಣಗಳನ್ನು ಹೊಡೆದುಹಾಕುವ ಕಸುಬು ಮಾಡಿದೆ. ಮಾವನ ಬರಹದಲ್ಲಿ ಹೊಡೆಯಲು ಏನೂ ಇರುತ್ತಿರಲಿಲ್ಲ. “ಹೊಗಳಿಕೆ ಉಪ್ಪಿನಕಾಯಿ ಇದ್ದಂಗೆ ಕಣ್ಲಾ. ನೆಕ್ಕೋಕೆ ಸರಿ, ಅದನ್ನೇ ಊಟ ಮಾಡಬಾರದು” ಅನ್ನುತ್ತಿದ್ದರು. ಅವರು ನೆಕ್ಕಿದ್ದನ್ನೂ ಯಾರೂ ಕಂಡಿರಲಿಲ್ಲ.

ಒಂದು ಮದುವೆಯಲ್ಲಿ ಅಡುಗೆಯವನು ಕೈಕಟ್ಟಿ ನಿಂತು, “ಊಟ ಹೆಂಗಿತ್ತು ಮೇಷ್ಟ್ರೆ?” ಎಂದು ಕೇಳಿದ.

“ಎಲೆ ಚೆನ್ನಾಗಿತ್ತು” ಅಂದರು ಮಾವ.

ತುಮಕೂರಿನಿಂದ ಬಂದ ನೆಂಟರೊಬ್ಬರು ನಮ್ಮ ಬೆಟ್ಟವನ್ನು ನೋಡಿ, ಇಷ್ಟು ದೊಡ್ಡದು ಒಂದೇ ಕಲ್ಲೇ ಎಂದು ಬಾಯಿ ಬಿಟ್ಟು ನಿಂತರು. ಮಾವ ಸ್ವಲ್ಪ ಹೊತ್ತು ತಾವೂ ನೋಡಿ, “ಇನ್ನೊಂದು ಚೂರು ಆಕಡೆ ಇಟ್ಟಿದ್ರೆ ನಮ್ಮನೆ ಹಿತ್ತಲಿಗೆ ಬಿಸಿಲು ಬೀಳೋದು” ಅಂದರು. ದೇವರ ಕೆಲಸಕ್ಕೇ ಈ ಗತಿ! ಪಾವಗಡದ ಹಾರ್ಮೋನಿಯಂ ವಿದ್ವಾಂಸರ ಪಾಡು ಕೇಳಬೇಕೆ? ಅವರು ಪತ್ರಿಕೆ ಹಿಡಿದುಕೊಂಡು ಮನೆಗೇ ಬಂದರು.

“ಏಮಿ ಸಾಮಿ, ನಾನು ನುಡಿಸಿದ್ದು ಬಾಗಾಲೇದಾ, ಚೆನ್ನಾಗಿರಲಿಲ್ವಾ?”

“ಪೆಟ್ಟಿಗೆ ಹೊಸದು ಅಂತ ಬರೆದಿದೀನಲ್ಲಪ್ಪ. ಇನ್ನೇನು ಬೇಕು?”

ಕಛೇರಿ ಹಿಡಿಸದಿದ್ದರೆ ಮಾವ ನಡುವೆಯೇ ಎದ್ದು ಹೋಗುತ್ತಿದ್ದರು. ಬಾಗಿಲಾಚೆ ಅವರ ಕೊಡೆ ‘ಫಟ್’ ಎಂದು ಬಿಚ್ಚಿಕೊಂಡ ಸದ್ದು ಕೇಳಿದರೆ ಸಾಕು, ವೇದಿಕೆಯ ಮೇಲಿನವರ ಶ್ರುತಿ ಇಳಿಯುತ್ತಿತ್ತು. ಮಳೆಯೂ ಇಲ್ಲದ, ಬಿಸಿಲೂ ಇಲ್ಲದ ಸಂಜೆಯಲ್ಲಿ ಕೊಡೆ ಯಾಕೆ? ಕೇಳುವ ಧೈರ್ಯ ಯಾರಿಗಿತ್ತು!

ಇಂಥವರ ಕೈಗೆ ಸಿಕ್ಕಿದ್ದು ಜವಳಿ ಅಂಗಡಿ ರುದ್ರಪ್ಪನವರ ಮಗ ಗಂಗಾಧರ. ಓದಲು ಮೈಸೂರಿಗೆ ಹೋದ ಹುಡುಗ, ಅರಮನೆಯ ಇಂಗ್ಲಿಷ್ ವಾದ್ಯಗಾರರೊಬ್ಬರ ಹತ್ತಿರ ಚೆಲ್ಲೋ ಕಲಿತು ಬಂದಿದ್ದ. ಆ ವಾದ್ಯ ಬಸ್ಸಿನ ನೆತ್ತಿಯಿಂದ ಇಳಿದಾಗ ನಿಲ್ದಾಣದಲ್ಲಿದ್ದವರೆಲ್ಲ ಸುತ್ತ ನೆರೆದರು.

“ಇದೇನ್ಲಾ ಇದು, ಪಿಟೀಲಿಗೆ ಆನೆಕಾಲು ರೋಗ ಬಂದಂಗೈತೆ?”

“ಅದನ್ನ ಕತ್ತಿನ ಕೆಳಗೆ ಹೆಂಗ್ಲಾ ಇಟ್ಕೊಂತಾನೆ?”

“ಇವನೇ ಅದರ ಕತ್ತಿನ ಕೆಳಗೆ ಕೂತ್ಕೊಬೇಕು ಬುಡು.”

ರುದ್ರಪ್ಪನವರಿಗೆ ಮಗ ಅಂಗಡಿಯಲ್ಲಿ ಕೂರಬೇಕು. ಮಗನಿಗೆ ಮೈಸೂರಿಗೆ ಮರಳಿ ಆ ಗುರುಗಳ ಬಳಿಯೇ ಕಲಿಯಬೇಕು. ಕೊನೆಗೆ ಅಪ್ಪ ಒಂದು ಷರತ್ತು ಹಾಕಿದರು: “ಊರಾಗೆ ಒಂದ್ಸಲ ನುಡಿಸು. ಮೇಷ್ಟ್ರು ಪೇಪರ್ನಾಗೆ ಚೆನ್ನಾಗೈತೆ ಅಂತ ಬರೆದ್ರೆ ಮೈಸೂರಿಗೆ ಹೋಗು. ಇಲ್ದಿದ್ರೆ ಆ ಕಮಾನು ಬುಟ್ಟು ಗಜಕಡ್ಡಿ ಹಿಡಿ.” ಮಗನನ್ನು ಅಂಗಡಿಯಲ್ಲಿ ಕೂರಿಸಲು ಇದಕ್ಕಿಂತ ಭದ್ರವಾದ ಉಪಾಯ ನಾಲ್ಕು ತಾಲ್ಲೂಕಿನಲ್ಲೂ ಇರಲಿಲ್ಲ.

ಶಾಲೆಯ ಹಾಲಿನಲ್ಲಿ ಗಂಗಾಧರ ನುಡಿಸಿದ. ಮನೆಯ ಹಿರಿಯರು, ಯಾರೂ ಕೇಳುತ್ತಿಲ್ಲವೆಂದುಕೊಂಡು, ತಮ್ಮಷ್ಟಕ್ಕೆ ಗುನುಗಿಕೊಂಡಂಥ ತಗ್ಗಿನ ದನಿ. ನಗಲೆಂದೇ ಬಂದಿದ್ದವರು ನಗುವುದನ್ನು ಮರೆತರು. ಎಲ್ಲರ ಕಿವಿಯೂ ಮಾವನ ಕೊಡೆಯ ಮೇಲಿತ್ತು. ಕೊಡೆ ಬಿಚ್ಚಲಿಲ್ಲ. ಜನ ಎದ್ದು ಹೋದರೂ ಮಾವ ಕೂತೇ ಇದ್ದರು.

“ಮೇಷ್ಟ್ರೆ, ಮುಗೀತು” ಅಂದ, ಬೀಗ ಹಿಡಿದು ನಿಂತಿದ್ದ ಜವಾನ.

“ಮುಗೀತಾ?” ಎಂದು ಎದ್ದು, ಕೊಡೆಯನ್ನು ಅಲ್ಲೇ ಬಿಟ್ಟು ಮನೆಗೆ ಬಂದರು.

ಪತ್ರಿಕೆ ಬಂತು. ವರದಿ ಇದ್ದದ್ದು ಇಷ್ಟು: ‘ಶ್ರೀ ಗಂಗಾಧರ ಚೆಲ್ಲೋ ಎಂಬ ದೊಡ್ಡ ಪಿಟೀಲು ನುಡಿಸಿದರು. ಪರವಾಗಿಲ್ಲ.’

ಊರು ಮೂಗಿನ ಮೇಲೆ ಬೆರಳಿಟ್ಟಿತು. ಮೇಷ್ಟ್ರ ಬಾಯಲ್ಲಿ ‘ಪರವಾಗಿಲ್ಲ’! ಬೇರೆಯವರು ಪುಟಗಟ್ಟಲೆ ಹೊಗಳಿದರೂ ಇದರ ಪಾಸಂಗಿಗೆ ಬರುತ್ತದೆಯೇ? ಆದರೆ ರುದ್ರಪ್ಪನವರು ಅಳತೆಯ ಮನುಷ್ಯ. “ಚೆನ್ನಾಗೈತೆ ಅಂತ ಎಲ್ಲೈತೆ? ತೋರ್ಸಿ” ಎಂದು ಮಗನ ಕೈಗೆ ಗಜಕಡ್ಡಿ ಕೊಟ್ಟುಬಿಟ್ಟರು. ನಾವು ಹೋಗಿ ಮಾವನನ್ನು ಕೇಳಿಕೊಂಡೆವು: ಇನ್ನೊಂದು ಸಾಲು ಬರೆಯಿರಿ.

“ಬರೆಯೋದನ್ನ ಬರೆದಾಗೈತೆ” ಅಂದರು. ಆದರೆ ಆ ದಿನ ಊಟ ಸೇರಲಿಲ್ಲ ಅವರಿಗೆ. ಎಲೆಯನ್ನೂ ಹೊಗಳಲಿಲ್ಲ.

ಅದನ್ನು ನೋಡಿದ ಅತ್ತೆ ಮಾರನೆಯ ದಿನ ನನ್ನನ್ನು ಕರೆದುಕೊಂಡು ಜವಳಿ ಅಂಗಡಿಗೆ ಹೊರಟರು. ಗಂಗಾಧರ ಬಟ್ಟೆ ಅಳೆಯುತ್ತಿದ್ದ. ಅತ್ತೆ ಸೀರೆ ನೋಡಲಿಲ್ಲ.

“ರುದ್ರಣ್ಣ, ಮದುವೆಯಾಗಿ ಬಂದಾಗಿನಿಂದ ಅವರಿಗೆ ಬೇಯಿಸಿ ಹಾಕ್ತಾ ಇದೀನಿ. ತಲೆ ನರೆತೋಯ್ತು. ಪರವಾಗಿಲ್ಲ ಅನ್ನೋ ಮಾತು ನನಗಿನ್ನೂ ಸಿಕ್ಕಿಲ್ಲ. ನಿನ್ನ ಮಗನಿಗೆ ಒಂದೇ ದಿನಕ್ಕೆ ಸಿಕ್ತು. ಸಾಲದು ಅಂದ್ರೆ ಆ ಮಾತು ನನಗೆ ಕೊಟ್ಬುಡು.”

 ರುದ್ರಪ್ಪನವರು ಮಗನ ಕೈಯಿಂದ ಗಜಕಡ್ಡಿ ತೆಗೆದು ತಮ್ಮ ಪಕ್ಕಕ್ಕೆ ಇಟ್ಟುಕೊಂಡರು.

“ಬಸ್ಸು ಬೆಳಿಗ್ಗೆ ಐತೆ ಕಣ್ಲಾ” ಅಂದರು.

ಯುದ್ಧ ಮುಗಿದ ವರ್ಷ ಮಾವ ತೀರಿಕೊಂಡರು. ಅತ್ತೆಗೆ ಆ ಮಾತು ಕೊನೆಗೂ ಸಿಗಲಿಲ್ಲ.

ಸುದ್ದಿ ತಿಳಿದು ಗಂಗಾಧರ ಮೈಸೂರಿನಿಂದ ಚೆಲ್ಲೋ ಹೊತ್ತು ಬಂದ. ಮಾವನ ನಡುಮನೆಯಲ್ಲಿ, ಅವರ ಖಾಲಿ ಕುರ್ಚಿಯ ಎದುರು ಕೂತು ನುಡಿಸಿದ. ಅತ್ತೆ ಅಡುಗೆಮನೆಯ ಬಾಗಿಲಿಗೆ ಒರಗಿ ಕೇಳಿದರು. ಮುಗಿದ ಮೇಲೆ ಎಲೆ ಹಾಕಿ, ಅನ್ನಕ್ಕೆ ಸಾರು ಬಡಿಸಿದರು. ಅವನು ಒಂದು ತುತ್ತು ಉಂಡು ತಲೆಯೆತ್ತಿದ.

“ಪರವಾಗಿಲ್ಲ ಅವ್ವ” ಅಂದ.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ಅವನ ಎಲೆಗೆ ಇನ್ನೊಂದು ಸೌಟು ಸಾರು ಹಾಕಿದರು.