ಕಮಲಾಪುರದ ಟೀಚರು ಕಡಲಿಗಿಳಿದದ್ದು

ನನಗೆ ಯಾವುದಕ್ಕೆ ಹೆದರಿಕೆಯೋ ಅದು ಮನೆ ಹುಡುಕಿಕೊಂಡು ಬರುತ್ತದೆ. ನಾಯಿಗೆ ಹೆದರುತ್ತೇನೆ, ಓಣಿ ಓಣಿ ತಿರುಗುವ ಜನಗಣತಿಗೆ ಹಾಕಿದರು. ಮೈಕಿಗೆ ಹೆದರುತ್ತೇನೆ, ಶಾಲೆಯ ಸಮಾರಂಭಗಳ ನಿರೂಪಣೆ ಕೊಟ್ಟರು. ಉಳಿದದ್ದು ನೀರು. ಮಹಾಗಾಂವದ ತವರಿನಲ್ಲಿ ನನ್ನ ವಾರಿಗೆಯ ಹುಡುಗಿಯರೆಲ್ಲ ಬಾವಿಗೆ ಧುಮುಕಿ ಈಜು ಕಲಿತಾಗ, ನಾನು ಮೇಲೆ ಕೂತು ಅವರ ಬಟ್ಟೆ ಕಾದವಳು.

ಅಂಥ ನನ್ನನ್ನು ಐವತ್ತು ದಾಟಿದ ಮೇಲೆ ಸಮುದ್ರಕ್ಕೆ ಇಳಿಸಿದ್ದು ನನ್ನ ಗೆಳತಿ. ಕಲಬುರಗಿಯಿಂದ ಕಮಲಾಪುರದ ಶಾಲೆಗೆ ದಿನಾ ಒಂದೇ ಬಸ್ಸಿನಲ್ಲಿ ಹೋಗುತ್ತೇವೆ. ನಾನು ವಿಜ್ಞಾನದ ಟೀಚರು, ಆಕೆ ಉರ್ದು ಟೀಚರು. ಒಂದು ದಿನ ಫೋನಿನಲ್ಲಿ ವಿಡಿಯೊ ತೋರಿಸಿದಳು. ಯಾರೋ ಹೆಂಗಸು ಹಲಗೆಯ ಮೇಲೆ ನಿಂತು ತೆರೆಯ ಜೊತೆ ಜಾರಿ ಬರುತ್ತಿದ್ದಳು.

“ಇದಕ್ಕ ಸರ್ಫಿಂಗ್ ಅಂತಾರ. ದಸರಾ ಸೂಟಿಗೆ ಕರಾವಳಿಗೆ ಹೋಗಿ ಕಲಿಯೂಣ್ರಿ.”

“ನಾ ಬರಂಗಿಲ್ಲ.”

“ನೀವು ಬಂದ್ರ ಮಾತ್ರ ನಮ್ಮ ಮನ್ಯಾಗ ಹೂಂ ಅಂತಾರ. ನೀವು ಒಲ್ಲೆ ಅಂದ್ರ ನಂದೂ ಮುಗೀತು.”

ಮುಂದಿನ ವರ್ಷ ಆಕೆಯ ನಿವೃತ್ತಿ. ಇಷ್ಟು ವರ್ಷದಲ್ಲಿ ನನ್ನಿಂದ ಏನೂ ಕೇಳಿದವಳಲ್ಲ. ನನ್ನ ಬಾಯಿಂದ ಹೂಂ ಬಂತು. ಅವತ್ತಿನಿಂದ ನಿದ್ದೆ ಹೋಯಿತು.

ಶಹಾಬಜಾರದ ನೆಲ

ಬೋರಲಾಗಿ ಮಲಗಿ, ಕೈಯಿಂದ ನೀರು ಎಳೆದು, ಟಣ್ಣನೆ ಎದ್ದು ನಿಲ್ಲಬೇಕು ಎಂದು ವಿಡಿಯೊದಲ್ಲಿತ್ತು. ಶಹಾಬಜಾರದ ನಮ್ಮ ಮನೆಯ ಹಿಂದಿನ ಖೋಲಿಯಲ್ಲಿ ಗುಟ್ಟಾಗಿ ಶುರು ಮಾಡಿದೆ. ಅತ್ತೆಗೆ ಇನ್ನೂ ಹೇಳಿರಲಿಲ್ಲ. ಅವರು ಬಂದಾಗ ನಾನು ಕಪಾಟಿನ ಬುಡದಲ್ಲಿ ಬೋರಲು ಬಿದ್ದು ಎರಡೂ ಕೈಯಿಂದ ನೆಲ ಬಳಿಯುತ್ತಿದ್ದೆ.

“ಏನ ಹುಡುಕಾಕತ್ತೀಯವ್ವಾ? ಕಿವೀದು ಬೆಂಡೋಲಿ ಬಿತ್ತೇನು?”

ಗಾಬರಿಯಿಂದ ಟಣ್ಣನೆ ಎದ್ದು ನಿಂತೆ.

“ಸಿಕ್ತೇನು?”

“ಸಿಕ್ತ್ರೀ.”

ಮರುದಿನವೂ ಬಂದು ನೋಡಿದರು, ಅದರ ಮರುದಿನವೂ. ಕೊನೆಗೆ ತಡೆಯದೆ ಹೇಳಿದರು: “ದಿನಾ ನೆಲಕ್ಕ ಬಿದ್ದು ಹುಡುಕೂಕಿಂತ, ಪತ್ತಾರನ ಕಡೆ ಹೋಗಿ ತಿರುಪು ಬಿಗಿ ಮಾಡಿಸ್ಕೋ.”

ಕಲಬುರಗಿಯ ಕೊಳ

ಈಜು ಬಾರದೆ ಸಮುದ್ರಕ್ಕೆ ಹೇಗೆ? ಹೆಂಗಸರಿಗೆ ಬೆಳಿಗ್ಗೆ ಈಜು ಕಲಿಸುವ ಕೊಳವೊಂದಕ್ಕೆ ಸೇರಿದೆವು. ಕಲಿಸುವಾಕೆ ಸಣ್ಣ ವಯಸ್ಸಿನವಳು, ಬಡಕಲು. “ನನ್ನ ಮ್ಯಾಲ ವಿಶ್ವಾಸ ಇಡ್ರಿ ಮೇಡಂ” ಎಂದಳು. ನಾನು ವಿಶ್ವಾಸದ ಜೊತೆಗೆ ಎರಡೂ ಕೈಗಳನ್ನು ಆಕೆಯ ಕೊರಳಿಗೆ ಇಟ್ಟೆ. ಕಾಲು ನೆಲ ಬಿಟ್ಟದ್ದೇ ತಡ, ಹಿಡಿತ ಇನ್ನೂ ಬಿಗಿಯಾಯಿತು.

“ಬಿಡ್ರಿ ಮೇಡಂ!”

“ಬಿಟ್ರ ಮುಳುಗ್ತೀನಿ!”

ಆಕೆ ಹೇಗೋ ಬಾಯಿ ನೀರಿನ ಮೇಲೆ ತಂದು ಹೇಳಿದಳು: “ನಿಮಗ ಕಲಸೂದು ಆಮ್ಯಾಲ. ಮೊದಲ ನನ್ನ ಉಳಸ್ರಿ!”

ಕಮಲಾಪುರದ ಹಾರೈಕೆ

ಸೂಟಿಯ ಹಿಂದಿನ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ಧೈರ್ಯ ಹೇಳಿದರು. ಹೆಡ್‌ಮಾಸ್ತರರು ಎಲ್ಲರಿಗಿಂತ ಹೆಚ್ಚು ಹೇಳಿದರು. “ಏನೂ ಆಗಂಗಿಲ್ರೀ. ಆರಾಮ ಹೋಗಿ ಬರ್ರಿ.” ನನ್ನ ಕಣ್ಣು ತುಂಬಿತು. ಬಾಗಿಲವರೆಗೆ ಹೋಗಿದ್ದೆ, ಹಿಂದಿನಿಂದ ಕರೆದರು: “ಟೀಚರ್, ಲ್ಯಾಬಿನ ಕೀಲಿ ಮಾತ್ರ ಕೊಟ್ಟು ಹೋಗ್ರಿ.”

ಕಡಲು

ಕಡಲು ನೋಡಿದ ಕೂಡಲೇ ನಾನು ಗೆಳತಿಯ ಬೆನ್ನ ಹಿಂದೆ ಸರಿದೆ. ಕಲಿಸುವವನು ಅಲ್ಲಿಯ ಮೀನುಗಾರರ ಪೈಕಿ ಒಬ್ಬ ಹುಡುಗ. “ಹೆದರ್ಬೇಡಿ ಮಾರಾಯ್ರೆ, ನಾನಿದ್ದೇನಲ್ಲ” ಎಂದು ಲೈಫ್ ಜಾಕೆಟ್ ತೊಡಿಸಿ ಹಲಗೆಯ ಮೇಲೆ ಮಲಗಿಸಿದ. ತೆರೆ ಬಂತು. ಅವನು “ಮತ್ತೆ!” ಎಂದು ಕೂಗಿದ. ಎದ್ದೆ, ಬಿದ್ದೆ, ಮೂಗಿನ ತುಂಬ ಉಪ್ಪು. ಇನ್ನೊಂದು ತೆರೆ. “ಮತ್ತೆ, ಮತ್ತೆ!” ಎದ್ದೆ, ಬಿದ್ದೆ. ಇವನಿಗೆ ಕರುಣೆ ಇಲ್ಲವೇ ಎಂದು ಅಳು ಬಂತು. ಅವನೂ ರೇಗಿದ.

“ಹೇಳಿದ್ದು ಯಾಕೆ ಕೇಳುವುದಿಲ್ಲ ನೀವು?”

“ಕೇಳಾಕತ್ತೀನಲ್ರೀ! ಮತ್ತ ಅಂದ್ರಿ, ಮತ್ತ ಎದ್ದೆ. ಮತ್ತ ಅಂದ್ರಿ, ಮತ್ತ ಬಿದ್ದೆ!”

ಆಗ ತಿಳಿಯಿತು. ನಮ್ಮಲ್ಲಿ ಮತ್ತ ಅಂದರೆ ಇನ್ನೊಮ್ಮೆ. ಅವರಲ್ಲಿ ಮತ್ತೆ ಅಂದರೆ ಆಮೇಲೆ. ಪಾಪ, ಅವನು ನನ್ನನ್ನು ತಡೆಯುತ್ತಿದ್ದ!

“ಹಾಗಾದ್ರೆ ನಿಲ್ಲಿ ಅನ್ಲಿಕ್ಕೆ ನಿಮ್ಮ ಊರಲ್ಲಿ ಎಂತ ಹೇಳುವುದು?”

ಹಿಂದಿನಿಂದ ನನ್ನ ಗೆಳತಿ ಹೇಳಿಕೊಟ್ಟಳು: “ಠೈರೋ!”

ಅವತ್ತು ಸಂಜೆಯವರೆಗೆ ಆ ದಂಡೆಯಲ್ಲಿ ತುಳುವರ ಹುಡುಗ ಅರಬ್ಬೀ ಸಮುದ್ರಕ್ಕೆ ಮುಖ ಮಾಡಿ “ಠೈರೋ, ಠೈರೋ” ಎಂದು ಕೂಗುತ್ತಲೇ ಇದ್ದ.

ಕಡೆಯ ತೆರೆ

ಕೊನೆಯ ದಿನ ನನ್ನ ಗೆಳತಿ ಹಲಗೆಯ ಮೇಲೆ ಎದ್ದು ನಿಂತೇ ಬಿಟ್ಟಳು. ಬಿದ್ದಳು, ಎದ್ದು ಬಂದಳು, ನಕ್ಕಳು, ಅತ್ತಳು. ಅವಳ ಆಸೆ ತೀರಿತು, ಇನ್ನು ನಾನು ತಪ್ಪಿಸಿಕೊಳ್ಳಬಹುದು ಎಂದುಕೊಳ್ಳುವಷ್ಟರಲ್ಲಿ “ಈಗ ನಿಮ್ಮ ಪಾಳಿ” ಎಂದು ಹಲಗೆಗೆ ದಬ್ಬಿದಳು.

“ಕೆಳಗೆ ನೋಡ್ಬೇಡಿ, ದೂರ ನೋಡಿ” ಎಂದ ಹುಡುಗ. ದೂರ ನೋಡಲು ಧೈರ್ಯವಾಗದೆ ಕಣ್ಣೇ ಮುಚ್ಚಿದೆ. “ಏಳಿ!” ಅಂದ. ಎದ್ದೆ. ಬೀಳಲಿಲ್ಲ! ಕಿವಿಯಲ್ಲಿ ಗಾಳಿ, ಕಾಲಡಿಯಲ್ಲಿ ಕಡಲು, ಬಾಯಲ್ಲಿ “ವಿಠ್ಠಲಾ, ವಿಠ್ಠಲಾ.” ಮೊಣಕಾಲು ಬಗ್ಗಿಸಿ, ಕೈ ಚಾಚಿ, ಹಲ್ಲು ಕಚ್ಚಿ ನಿಂತೆ. ಸ್ವಲ್ಪ ಹೊತ್ತಿಗೆ ಅಲ್ಲಾಟ ನಿಂತು ಹೋಯಿತು. ಓಹೋ, ಸಮತೋಲ ಸಿಕ್ಕಿತು ಎಂದುಕೊಂಡೆ. ಜನ ಚಪ್ಪಾಳೆ ತಟ್ಟುವುದು ಕೇಳಿಸಿತು. ಮೈಮರೆತರೆ ಬಿದ್ದೇನೆಂದು ಇನ್ನಷ್ಟು ಬಗ್ಗಿದೆ.

ಆಗ ಕಿವಿಯ ಹತ್ತಿರವೇ ಗೆಳತಿಯ ದನಿ, ತುಂಬ ಮೆತ್ತಗೆ:

“ಟೀಚರ್, ಇಳೀರಿ. ನೀರು ವಾಪಸ್ ಹೋಗಿ ಭಾಳ ಹೊತ್ತಾತು.”