ದರ ಕೇಳದ ಗಿರಾಕಿ

ಅಂಗಡಿಗೆ ಬೀಗ ಹಾಕುವುದನ್ನು ನಾನು ಕಲಿತದ್ದು ಅಪ್ಪನಿಂದ. ಬೀಗ ಹಾಕಿ ಮನೆಗೆ ಬಂದ ಮೇಲೂ ಒಳಗೆ ಯಾರೋ ಕೂತಿದ್ದಾರೆ ಎಂದು ಹೆದರುವುದನ್ನು ಕಲಿತದ್ದು ಕಂಪ್ಯೂಟರಿನಿಂದ. ಆ ಪೆಟ್ಟಿಗೆ ಇರುವ ಅಂಗಡಿಯಲ್ಲಿ ಇಂಥದ್ದು ಆಗುತ್ತಲೇ ಇರುತ್ತದಂತೆ. ಆಗುವಾಗ ಬೆವರು, ಆದ ಮೇಲೆ ನಗು. ನನ್ನ ಪಾಲಿಗೆ ಬೆವರೇ ಹೆಚ್ಚು ಬಂದಿದೆ.

ನಮ್ಮದು ಮಂಡಿ ಮೊಹಲ್ಲಾದಲ್ಲಿ ಮೆಣಸಿನಕಾಯಿ, ಹುಣಸೆಹಣ್ಣು, ಏಲಕ್ಕಿಯ ಸಗಟು ವ್ಯಾಪಾರ. ನನ್ನ ಹೆದರಿಕೆ ಯಾವುದು ಎಂದು ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಹೋದರೆ ಮತ್ತೆ ದುಡಿಯಬಹುದು. ನಮ್ಮ ಕಂಪ್ಯೂಟರಿನಲ್ಲಿ ಇರುವುದು ದರ. ಒಂದೇ ರಾಶಿಯ ಮೆಣಸಿನಕಾಯಿಗೆ ಹೋಟೆಲಿನವರಿಗೆ ಒಂದು ದರ, ಸಾಂಬಾರ್ ಪುಡಿಯವರಿಗೆ ಒಂದು, ಮದುವೆ ಅಡುಗೆಯವರಿಗೆ ಇನ್ನೊಂದು. ಪ್ರತಿಯೊಬ್ಬರಿಗೂ "ನಿಮಗೆ ಮಾತ್ರ ಈ ರೇಟು" ಎಂದು ಹೇಳಿರುತ್ತೇನೆ. ಅದು ಸುಳ್ಳೂ ಅಲ್ಲ, ಒಬ್ಬರ ರೇಟು ಇನ್ನೊಬ್ಬರಿಗೆ ಇಲ್ಲವೇ ಇಲ್ಲ. ಆ ದರಗಳೆಲ್ಲ ಒಟ್ಟಿಗೆ ಬೀದಿಗೆ ಬಿದ್ದರೆ ಮಾರನೆಯ ದಿನ ಗಿರಾಕಿಗಳೂ ಒಟ್ಟಿಗೆ ಬರುತ್ತಾರೆ. ಕೊಳ್ಳುವುದಕ್ಕಲ್ಲ.

೧. ಎಣ್ಣೆ ಅಂಗಡಿಯ ಬೀಗ

ಹೆದರಿಕೆ ಶುರುವಾದದ್ದು ಎದುರು ಸಾಲಿನ ಎಣ್ಣೆ ಅಂಗಡಿಯಿಂದ. ಒಂದು ಬೆಳಿಗ್ಗೆ ಅವರು ಕಂಪ್ಯೂಟರ್ ಹಾಕಿದರೆ ಪರದೆ ತುಂಬ ಕೆಂಪು, ಅದರ ಮೇಲೆ ಇಂಗ್ಲಿಷಿನಲ್ಲಿ ಒಂದು ಒಕ್ಕಣೆ. ನಿಮ್ಮದೆಲ್ಲಕ್ಕೂ ಬೀಗ ಹಾಕಿದ್ದೇವೆ, ದುಡ್ಡು ಕೊಟ್ಟರೆ ತೆಗೆಯುತ್ತೇವೆ ಅಂತ. ಯಾರು ಹಾಕಿದರು, ಯಾವ ದೇಶದವರು, ಒಂದೂ ತಿಳಿಯದು. ಎಣ್ಣೆಯವರು ನಮ್ಮ ಅಂಗಡಿಗೆ ಬಂದು ಹುಣಸೆ ಮೂಟೆಯ ಮೇಲೆ ಕೂತು ನೀರು ಕೇಳಿದರು.

ಪೊಲೀಸಿನವರು ಬಂದು ನೋಡಿ, ಕಳ್ಳ ನಿನ್ನೆ ಮೊನ್ನೆ ಬಂದವನಲ್ಲ, ವಾರಗಟ್ಟಲೆಯಿಂದ ಒಳಗಿದ್ದಾನೆ ಅಂದರಂತೆ. ಮೊದಲೇ ಏನೂ ಗುರುತು ಕಾಣಲಿಲ್ಲವೇ ಎಂದು ಕೇಳಿದರಂತೆ. ಕಂಡಿತ್ತು. ಮೆಷಿನ್ನು ನಿಧಾನವಾಗಿತ್ತು, ಯಾರೂ ಮುಟ್ಟದಿದ್ದರೂ ಒಳಗಿನ ಫ್ಯಾನು ಗೊರಗೊರ ಅನ್ನುತ್ತಿತ್ತು, ಪೆಟ್ಟಿಗೆ ಮುಟ್ಟಿದರೆ ಕಾದ ಹೆಂಚು. ಬೇಸಿಗೆ ಅಲ್ಲವೇ, ಸೆಖೆಗೆ ಹಾಗಾಗಿದೆ ಎಂದುಕೊಂಡರು. ಮನೆಯಿಂದ ಟೇಬಲ್ ಫ್ಯಾನ್ ತಂದು ಅದರ ಮುಂದೆ ಇಟ್ಟರು.

"ಒಳಗೆ ಕೂತು ಅವನು ಕೆಲಸ ಮಾಡ್ತಾ ಇದ್ದ ಕಣ್ರೀ," ಅಂದರು ಎಣ್ಣೆಯವರು, "ಹೊರಗಿಂದ ನಾನು ಗಾಳಿ ಹಾಕ್ತಾ ಇದ್ದೆ."

೨. ತಾನೇ ಓಡಿದ ಬಾಣ

ಅವತ್ತೇ ನಾನು ದಟ್ಟಗಳ್ಳಿಯ ಒಬ್ಬ ಹೆಣ್ಣುಮಗಳಿಗೆ ಫೋನು ಮಾಡಿದೆ. ಕಂಪನಿಗಳ ಕಂಪ್ಯೂಟರಿಗೆ ಯಾರೂ ನುಗ್ಗದಂತೆ ಕಾಯುವುದೇ ಆಕೆಯ ಕೆಲಸ. ಆಕೆಯ ಅತ್ತೆ ವರ್ಷದ ಮೆಣಸಿನಕಾಯಿಯನ್ನು ನಮ್ಮಲ್ಲಿಂದಲೇ ಒಯ್ಯುವವರು, ಆ ಸಲಿಗೆಯ ಮೇಲೆ ಕರೆದೆ. ಆಕೆ ಬಂದು ಎಲ್ಲ ನೋಡಿ ಹೇಳಿದ ಒಂದು ಮಾತು ಇವತ್ತಿಗೂ ನನ್ನ ತಲೆಯಿಂದ ಹೋಗಿಲ್ಲ.

"ಬಂದ ದಿನವೇ ಅವರು ಏನೂ ಮಾಡಲ್ಲ ಅಂಕಲ್. ಸುಮ್ಮನೆ ಇರ್ತಾರೆ. ಎಲ್ಲಿ ಏನಿದೆ ಅಂತ ನೋಡ್ಕೋತಾರೆ. ನೀವು ಹಿಡಿಯೋದಿದ್ರೆ ಆವಾಗಲೇ ಹಿಡೀಬೇಕು."

ಅಂಗಡಿಗೆ ಬಂದು ಜಗಳ ಆಡುವ ಗಿರಾಕಿಗೆ ನಾನು ಹೆದರುವುದಿಲ್ಲ. ಬಂದು, ಮೂಟೆ ಮೂಟೆಗೂ ಕೈಯಾಡಿಸಿ, ಒಂದರ ದರವನ್ನೂ ಕೇಳದೆ ನಿಲ್ಲುತ್ತಾನಲ್ಲ, ಅವನನ್ನು ಕಂಡರೆ ಯಾವ ವ್ಯಾಪಾರಿಗೂ ಬೆನ್ನಲ್ಲಿ ಚಳಿ ಹುಟ್ಟುತ್ತದೆ. ಅಂಥವನೊಬ್ಬ ಕಣ್ಣಿಗೂ ಕಾಣದಂತೆ ಇದ್ದರೆ?

ಆಕೆ ಗುರುತುಗಳನ್ನು ಹೇಳಿಕೊಟ್ಟು ಹೋದಳು. ಅಂಗಡಿ ಮುಚ್ಚಿದ್ದಾಗ ಯಾರಾದರೂ ಕಂಪ್ಯೂಟರ್ ತೆರೆದಿದ್ದಾರಾ, ರಕ್ಷಣೆಯ ಸಾಫ್ಟ್‌ವೇರ್ ತಾನಾಗಿ ಆಫ್ ಆಗಿದೆಯಾ, ಪರದೆಯ ಮೇಲಿನ ಬಾಣ ತಾನಾಗಿ ಓಡುತ್ತದಾ, ಇವೆಲ್ಲ. ಅವತ್ತಿನಿಂದ ನಾನು ಮತ್ತು ನಮ್ಮ ಲೆಕ್ಕದ ಮೇಡಂ ಆ ಪರದೆಯನ್ನು ಹಾಲು ಉಕ್ಕುವುದನ್ನು ಕಾಯುವವರಂತೆ ಕಾದೆವು.

ಒಂದು ಮಧ್ಯಾಹ್ನ ಮೇಡಂ ಊಟದ ಡಬ್ಬಿ ತೊಳೆಯಲು ಎದ್ದರು. ಮೌಸಿನ ಹತ್ತಿರ ಯಾರ ಕೈಯೂ ಇಲ್ಲ. ಬಾಣ ಮೆಲ್ಲಗೆ ಅಲುಗಿತು. ಪರದೆಯ ಮೂಲೆಗೆ ಹೋಯಿತು. ಖರೀದಿಯ ಪುಟವನ್ನು ತೆರೆಯಿತು. ಎದ್ದವನೇ ಮೇನ್ ಸ್ವಿಚ್ ಎಳೆದೆ. ದೀಪ ಹೋಯಿತು, ಫ್ಯಾನು ನಿಂತಿತು, ತಕ್ಕಡಿಯ ಅಂಕಿ ಆರಿತು. ತೂಕಕ್ಕೆ ನಿಂತಿದ್ದ ಗಿರಾಕಿ, ನಾನು ತೂಕ ಹೊಡೆಯುವುದಕ್ಕೇ ಕತ್ತಲೆ ಮಾಡಿದೆ ಎಂದು ಬೈಯತೊಡಗಿದ. ಯುಪಿಎಸ್ ಇರುವುದು ನನಗೆ ನೆನಪೇ ಇರಲಿಲ್ಲ. ಕತ್ತಲಾದ ಅಂಗಡಿಯಲ್ಲಿ ಕಂಪ್ಯೂಟರ್ ಒಂದೇ ಉರಿಯುತ್ತಿತ್ತು, ಬಾಣ ತನ್ನ ಪಾಡಿಗೆ ಓಡುತ್ತಿತ್ತು. ಕೊನೆಗೆ ಮೇಡಂ ಓಡಿಬಂದು ವೈರು ಕಿತ್ತರು.

ಇಬ್ಬರೂ ಗೋಡೆಗೆ ಒರಗಿ ಏದುಸಿರು ಬಿಡುತ್ತಿದ್ದಾಗ ನನ್ನ ಫೋನು ಹೊಡೆದುಕೊಂಡಿತು. ವಿದ್ಯಾರಣ್ಯಪುರಂನಿಂದ ನಮ್ಮ ಆಡಿಟರು. ತಿಂಗಳ ತೆರಿಗೆ ಲೆಕ್ಕಕ್ಕೆ ಅವರು ತಮ್ಮ ಆಫೀಸಿನಲ್ಲಿ ಕೂತೇ ನಮ್ಮ ಕಂಪ್ಯೂಟರ್ ತೆರೆಯುತ್ತಿದ್ದರಂತೆ, ಮೇಡಮ್ಮಿಗೆ ಗೊತ್ತಿದ್ದೂ ಹೆದರಿಕೆಯಲ್ಲಿ ಮರೆತಿದ್ದರು.

"ಸಾರ್, ಸ್ವಲ್ಪ ಹುಷಾರಾಗಿರಿ," ಅಂದರು ಆಡಿಟರು, ದನಿ ತಗ್ಗಿಸಿ. "ನಾನು ಕೆಲಸ ಮಾಡ್ತಿದ್ದ ಹಾಗೇ ನಿಮ್ಮ ಕಂಪ್ಯೂಟರ್ ಕಟ್ ಆಯ್ತು. ಯಾರೋ ಒಳಗೆ ನುಗ್ಗಿರೋ ಹಾಗಿದೆ."

೩. ಅಮಾವಾಸ್ಯೆಯ ಅತಿಥಿ

ಅಮಾವಾಸ್ಯೆಯ ದಿನ ನಮ್ಮಲ್ಲಿ ವ್ಯಾಪಾರವಿಲ್ಲ. ನಮ್ಮಣ್ಣ ಒಬ್ಬನೇ ಬಂದು ಹೊಸ್ತಿಲಿಗೆ ಪೂಜೆ ಮಾಡಿ, ಬೂದುಗುಂಬಳಕಾಯಿ ಒಡೆದು ಹೋಗುತ್ತಾನೆ. ಹೀಗಿರುವಾಗ ಲೆಕ್ಕದ ಮೇಡಂ ಒಂದು ಬೆಳಿಗ್ಗೆ, ಕಂಪ್ಯೂಟರ್ ಯಾವಾಗ ಯಾವಾಗ ತೆರೆದಿದೆ ಎಂಬುದನ್ನು ನೋಡುತ್ತಾ ಬೆಪ್ಪಾಗಿ ಕೂತರು. ಹಿಂದಿನ ಅಮಾವಾಸ್ಯೆಯ ದಿನ ಯಾರೋ ತೆರೆದಿದ್ದಾರೆ. ಹೊರಗಿನಿಂದಲ್ಲ, ಇದೇ ಅಂಗಡಿಯಲ್ಲಿ, ಇದೇ ಕುರ್ಚಿಯಲ್ಲಿ ಕೂತು. ಪಾಸ್‌ವರ್ಡೂ ಸರಿಯಾಗಿ ಹೊಡೆದಿದ್ದಾರೆ. ಸ್ವಲ್ಪ ಹೊತ್ತು ಇದ್ದು, ಏನನ್ನೂ ಮುಟ್ಟದೆ ಮುಚ್ಚಿಹೋಗಿದ್ದಾರೆ. ಅದರ ಹಿಂದಿನ ಅಮಾವಾಸ್ಯೆಯೂ ಹಾಗೇ.

ಬಂದು ಸುಮ್ಮನೆ ನೋಡಿಕೊಂಡು ಹೋಗುತ್ತಾರೆ ಎಂದು ದಟ್ಟಗಳ್ಳಿಯಾಕೆ ಹೇಳಿದ್ದು ಇದನ್ನೇ ಅಲ್ಲವೇ. ಮನೆಯಲ್ಲಿ ಹೇಳಿದರೆ ನನ್ನ ಹೆಂಡತಿ, ಅಮಾವಾಸ್ಯೆ ದಿನವೇ ಬರುವುದು ಅಂದರೆ ಅದು ಮನುಷ್ಯರ ಕೆಲಸವಲ್ಲ ಎಂದು ಇನ್ನಷ್ಟು ಧೈರ್ಯ ತುಂಬಿದಳು. ನಾನು ಯಾರಿಗೂ ಹೇಳದೆ ರೋಲಿಂಗ್ ಶಟರಿನ ಬೀಗವನ್ನೇ ಬದಲಾಯಿಸಿದೆ.

ಮುಂದಿನ ಅಮಾವಾಸ್ಯೆ ಬೆಳಿಗ್ಗೆ ಅಣ್ಣನ ಫೋನು ಬಂತು. ಲೋ, ಬೀಗ ತೆಗೆಯೋಕೆ ಆಗ್ತಿಲ್ಲ, ಮಂಗಳಾರತಿ ತಟ್ಟೆ ಹಿಡ್ಕೊಂಡು ಬೀದಿಯಲ್ಲಿ ನಿಂತಿದ್ದೀನಿ ಅಂತ ಬೈದ. ಓಡಿಹೋಗಿ ವಿಚಾರಿಸಿದರೆ ಎಲ್ಲ ಹೊರಬಿತ್ತು. ಆಯುಧಪೂಜೆ ದಿನ ಮೋಟಾರು ಓಡಿಸಿ ಆರತಿ ಎತ್ತುತ್ತೇವಲ್ಲ, ಹಾಗೆ ಅಣ್ಣ ಪ್ರತಿ ಅಮಾವಾಸ್ಯೆ ಶಟರ್ ಎತ್ತಿ, ಕಂಪ್ಯೂಟರ್ ಹಾಕಿ, ಪಾಸ್‌ವರ್ಡ್ ಹೊಡೆದು, ಪರದೆಗೆ ಆರತಿ ಮಾಡಿ ಹೋಗುತ್ತಿದ್ದನಂತೆ. ಪಾಸ್‌ವರ್ಡು ನಮ್ಮ ಮನೆದೇವರ ಹೆಸರು. ಮೇಡಂ ಅದನ್ನು ಬಾಯಲ್ಲಿ ಹೇಳಿಕೊಂಡೇ ಹೊಡೆಯುತ್ತಿದ್ದುದರಿಂದ ಅವನಿಗೂ ಬಾಯಿಪಾಠವಾಗಿತ್ತು. ಆಫ್ ಇದ್ದಾಗಲೇ ಕುಂಕುಮ ಇಟ್ಟು ಹೋಗಬಾರದಿತ್ತೇ ಎಂದು ರೇಗಿದೆ.

"ಬಾಗಿಲು ಮುಚ್ಚಿದ ಗುಡಿಗೆ ಯಾರಾದ್ರೂ ಮಂಗಳಾರತಿ ಎತ್ತುತ್ತಾರೇನೋ?" ಅಂದ.

ದಟ್ಟಗಳ್ಳಿಯಾಕೆ ಆ ಪಾಸ್‌ವರ್ಡನ್ನು ಕೂಡಲೇ ಬದಲಿಸಿ, ಅಂಕಿ ಚುಕ್ಕಿ ಬೆರೆಸಿ ಯಾರಿಗೂ ಊಹಿಸಲಾಗದ್ದನ್ನು ಇಡಿ ಅಂದಳು. ಅಣ್ಣ ಒಪ್ಪಲಿಲ್ಲ. ಕಳ್ಳನಿಗೆ ಹೆದರಿ ದೇವರನ್ನು ಆಚೆಗೆ ಹಾಕುವ ಮನೆತನವಲ್ಲ ನಮ್ಮದು ಎಂದು ಹಟ ಹಿಡಿದ. ಕೊನೆಗೆ ರಾಜಿಯಾಯಿತು. ಮನೆದೇವರನ್ನು ತೆಗೆದು ಇನ್ನೊಂದು ದೇವರನ್ನು ಇಟ್ಟೆವು.

೪. ಟವಲಿನ ಕೆಳಗೆ

ಇಲ್ಲಿಯವರೆಗಿನದು ಬರೀ ಹೆದರಿಕೆ. ಆಮೇಲೆ ಬಂದದ್ದು ನಿಜವಾದ ಕಳ್ಳ.

ಮಧ್ಯಾಹ್ನ ಮೇಡಂ ಊಟಕ್ಕೆ ಎದ್ದ ಹೊತ್ತಿನಲ್ಲಿ ಹೊರಗಿನಿಂದ ಯಾರೋ ನಮ್ಮ ಕಂಪ್ಯೂಟರ್ ತೆರೆಯುತ್ತಿರುವ ಗುರುತು ಸಿಕ್ಕಿತು. ಆಡಿಟರನ್ನು ಕೇಳಿದರೆ ಆಣೆ ಮಾಡಿ ತಾವಲ್ಲ ಅಂದರು. ಬಂದವನು ಏನನ್ನೂ ಅಳಿಸಿಲ್ಲ, ಏನನ್ನೂ ಬರೆದಿಲ್ಲ. ದರದ ಪಟ್ಟಿ ಒಂದನ್ನೇ ತೆರೆದು ನೋಡಿದ್ದಾನೆ. ಅದನ್ನು ಕೇಳಿದಾಗ ನಾನೂ ಹುಣಸೆ ಮೂಟೆಯ ಮೇಲೆ ಕೂತೆ.

ದಟ್ಟಗಳ್ಳಿಯಾಕೆ, ಆಡಿಟರು ಬಳಸುವ ಹೊರಗಿನ ದಾರಿಯನ್ನು ಈಗಲೇ ಮುಚ್ಚಿಬಿಡೋಣ ಅಂದಳು. ಮುಚ್ಚಿದರೆ ಅವನು ಬರುವುದು ನಿಲ್ಲುತ್ತದೆ, ಆದರೆ ಯಾರೆಂದು ಈ ಜನ್ಮದಲ್ಲಿ ತಿಳಿಯುವುದಿಲ್ಲ. ಸ್ವಲ್ಪ ತಡಿಯಮ್ಮ ಅಂದೆ. ಹುಣಸೂರಿನಲ್ಲಿ ಇಲ್ಲದ ಒಂದು ಬೇಕರಿಯ ಹೆಸರು ಬರೆದು, ಅದಕ್ಕೆ ಏಲಕ್ಕಿಯನ್ನು ಬಜಾರಿನಲ್ಲಿ ಯಾರೂ ಕನಸಿನಲ್ಲೂ ಹೇಳದ ಒಂದು ವಿಚಿತ್ರ ಅಂಕಿಗೆ, ಬಹಳ ಅಗ್ಗಕ್ಕೆ ಕೊಟ್ಟಂತೆ ಪಟ್ಟಿಯಲ್ಲಿ ಸೇರಿಸಿದೆ. ಆ ಅಂಕಿ ಯಾರ ಬಾಯಲ್ಲಿ ಬರುತ್ತದೋ ಅವನೇ ಕಳ್ಳ. ಇಂಥ ಬೋನಿಗೆ ನಮ್ಮ ಕೆಲಸದಲ್ಲೂ ಒಂದು ಹೆಸರಿದೆ ಅಂಕಲ್ ಅಂದಳು ಆಕೆ. ನಮ್ಮಲ್ಲಿ ಹೆಸರಿಲ್ಲ ಕಣಮ್ಮ, ಅಭ್ಯಾಸ ಇದೆ ಅಂದೆ.

ಬೋನು ಇಟ್ಟವನಿಗೆ ನಿದ್ದೆ ಎಲ್ಲಿಂದ ಬರಬೇಕು. ಅಂಗಡಿಗೆ ಬಂದವರೆಲ್ಲ ಕಳ್ಳರಾಗಿ ಕಂಡರು. ಮೇಡಂ ಬಂದು, ಸಾರ್ ಸ್ವಲ್ಪ ಏಲಕ್ಕಿ ಬೇಕಿತ್ತು ಅಂದರು. ಯಾವ ರೇಟಿಗೆ ಎಂದು ಕೇಳಿದೆ. ಅವರು ನನ್ನ ಮುಖವನ್ನೇ ನೋಡಿ, "ಪಾಯಸಕ್ಕೆ ನಾಲ್ಕು ಕಾಳು ಸಾರ್. ಯಾವತ್ತೂ ದುಡ್ಡು ತಗೊಂಡಿಲ್ವಲ್ಲ," ಅಂದರು.

ಆಮೇಲೆ ಒಂದು ಬೆಳಿಗ್ಗೆ ನಮ್ಮ ದಲ್ಲಾಳಿ ಬಂದ. ಸುತ್ತಲಿನ ಊರುಗಳ ಬೇಕರಿ, ಹೋಟೆಲುಗಳಿಗೆ ನಮ್ಮಲ್ಲಿ ಮಾಲು ಹಿಡಿದು ಕೊಡುವವನು. ದಿನಾ ಬಂದು ಕಂಪ್ಯೂಟರಿನ ಪಕ್ಕದ ಬೆಂಚಿನಲ್ಲಿ ಕೂತು ನಮ್ಮದೇ ಕಾಫಿ ಕುಡಿಯುವವನು. ಮಂಡಿಯಲ್ಲಿ ಹಳಬರದು ಒಂದು ಪದ್ಧತಿ: ದರ ಬಾಯಲ್ಲಿ ಹೇಳುವುದಿಲ್ಲ. ಕೈ ಮೇಲೆ ಟವಲ್ ಹಾಕಿ, ಅದರ ಕೆಳಗೆ ಬೆರಳು ಹಿಡಿದು ಒತ್ತಿ ಅಂಕಿ ತಿಳಿಸುವುದು, ನಿಂತು ನೋಡುವವರಿಗೆ ಗೊತ್ತಾಗಬಾರದು. ಈಗ ಹಾಗೆ ಮಾಡುವವರು ನಾವಿಬ್ಬರೇ. ಅವತ್ತೂ ಹೆಗಲ ಟವಲ್ ತೆಗೆದು ನನ್ನ ಕೈ ಮೇಲೆ ಹಾಕಿದ. ಏಲಕ್ಕಿ ಅಂದ. ಬೆರಳು ಒತ್ತಿದ.

ಅದೇ ಅಂಕಿ.

ಅವನ ಬೆರಳನ್ನು ಬಿಡದೆ ಗಟ್ಟಿಯಾಗಿ ಹಿಡಿದೆ. ಈ ರೇಟು ಯಾರಪ್ಪ ಹೇಳಿದ್ದು ಎಂದು ಮೆಲ್ಲಗೆ ಕೇಳಿದೆ. ಬಜಾರಿನಲ್ಲಿ ಕೇಳಿದೆ ಅಂದ.

"ಬಜಾರಿಗೆ ಇದು ಗೊತ್ತಿಲ್ಲ. ಆ ಬೇಕರಿನೂ ಇಲ್ಲ. ಎರಡನ್ನೂ ಹುಟ್ಟಿಸಿದವನು ನಾನು."

ಅವನು ಮುಚ್ಚುಮರೆಯಿಲ್ಲದೆ ಹೇಳಿದ. ಆಡಿಟರ ಆಫೀಸಿಗೆ ನಮ್ಮ ಮೇಡಂ ಫೋನಿನಲ್ಲಿ, ಹೊರಗಿನಿಂದ ಕಂಪ್ಯೂಟರ್ ತೆರೆಯಲು ಬೇಕಾದ ನಂಬರನ್ನು ಬೆಂಚಿಗೆ ಕೇಳುವ ಹಾಗೆ ಕೂಗಿ ಹೇಳುತ್ತಿದ್ದರು. ಮಂಡಿಯಲ್ಲಿ ದರ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಕೂಗಿ ಹೇಳುವುದೇ ತಾನೆ. ಪಾಸ್‌ವರ್ಡ್?

"ಮನೆದೇವ್ರು ಹಾಕ್ದೆ, ಬರ್ಲಿಲ್ಲ. ಆಮೇಲೆ ಕಂಪ್ಯೂಟರ್ ಮೇಲ್ಗಡೆ ಗೋಡೆ ನೋಡ್ದೆ. ಫೋಟೋ ನೇತಾಕಿದ್ದೀರಲ್ಲ."

ಇನ್ನೇನು ಕಾಲಿಗೆ ಬೀಳುತ್ತಾನೆ, ಬಿದ್ದರೆ ಪೊಲೀಸಿಗೆ ಕೊಡುವುದೋ ಬಿಡುವುದೋ ಎಂದು ನಾನು ಗತ್ತಿನಲ್ಲಿ ಯೋಚಿಸುತ್ತಿದ್ದೆ. ಟವಲಿನ ಕೆಳಗೆ ಅವನ ಬೆರಳು ತಿರುಗಿ ನನ್ನ ಬೆರಳನ್ನೇ ಹಿಡಿಯಿತು.

"ಅದಿರ್ಲಿ ಬುಡಿ ಸಾವ್ಕಾರ್ರೆ. ನಂದೂ ಒಂದು ಕೇಳ್ಬೇಕು. ಇದಕ್ಕಿಂತ ಇಳಿದ್ರೆ ನನಗೇ ಲಾಸು ಅಂತ ಬ್ಯಾಡಗಿ ಮೆಣಸಿನಕಾಯಿಗೆ ದೇವರಾಣೆ ಮಾಡಿದ್ರಲ್ಲ, ಆ ಸಾಂಬಾರ್ ಪುಡಿಯವರಿಗೆ ಏನ್ ರೇಟು ಹಾಕಿದ್ದೀರಿ? ದಿನಾ ಬಂದು ನಿಮ್ಮ ಕಾಫಿ ಕುಡಿಯೋನು ನಾನಲ್ವಾ?"

ಅವನ ದನಿ ಏರುತ್ತಿತ್ತು. ಸಾಂಬಾರ್ ಪುಡಿಯವರು ಅವತ್ತು ತಕ್ಕಡಿಯ ಮುಂದೆಯೇ ನಿಂತಿದ್ದರು. ಅವರ ಹಿಂದೆ ಹೋಟೆಲಿನವರು. ಹೋಟೆಲಿನವರಿಗಂತೂ ಈ ಇಬ್ಬರಿಗಿಂತಲೂ ಮೇಲಿನ ದರ. ಇಷ್ಟು ದಿನ ಯಾವುದೋ ದೇಶದವನು ಬಂದು ನನ್ನ ದರವನ್ನೆಲ್ಲ ಬೀದಿಗೆ ಹಾಕುತ್ತಾನೆ ಎಂದು ಹೆದರಿದ್ದೆ. ಇವನು ಬೆಂಚಿನಲ್ಲಿ ಕೂತೇ ಹಾಕಿಬಿಡುವವನಿದ್ದ. ಮೆತ್ತಗೆ ಮಾತಾಡಪ್ಪ ಅಂದೆ. ಸರಿ ಅಂದ, ಮಾತು ನಿಲ್ಲಿಸಿ ಬೆರಳು ಒತ್ತಿದ. ಬ್ಯಾಡಗಿಗೆ ಅವನು ಕೇಳುವ ಹೊಸ ದರ. ನಾನು ಸ್ವಲ್ಪ ಏರಿಸಿ ಒತ್ತಿದೆ. ಅವನು ಗಂಟಲು ಸರಿಮಾಡಿಕೊಂಡು ಸಾಂಬಾರ್ ಪುಡಿಯವರ ಕಡೆ ನೋಡಿದ. ನಾನು ಇಳಿಸಿದೆ. ಅವನು ಹೋಟೆಲಿನವರ ಕಡೆ ನೋಡಿದ. ಮತ್ತೂ ಇಳಿಸಿದೆ.

ಏನು ಸಾವ್ಕಾರ್ರೆ, ಅಷ್ಟು ಹೊತ್ತು ಏನು ವ್ಯಾಪಾರ ಎಂದು ಸಾಂಬಾರ್ ಪುಡಿಯವರು ನಗುತ್ತಾ ಕೇಳಿದರು. ಹಳೇ ಲೆಕ್ಕ ಅಂದೆ. ಟವಲಿನಿಂದ ಆಚೆ ಬಂದ ನನ್ನ ಕೈ ಒದ್ದೆಯಾಗಿತ್ತು. ದಲ್ಲಾಳಿ ಅದೇ ಟವಲಿನಲ್ಲಿ ಮುಖ ಒರೆಸಿಕೊಂಡು ಕಾಫಿ ಕುಡಿದು ಹೋದ.

ಸಂಜೆ ದಟ್ಟಗಳ್ಳಿಯಾಕೆ ಬಂದು ಹೊರಗಿನ ದಾರಿ ಮುಚ್ಚಿ, ಯಾವ ದೇವರಿಗೂ ಸಂಬಂಧವಿಲ್ಲದ ಪಾಸ್‌ವರ್ಡ್ ಇಟ್ಟಳು. ಆಮೇಲೆ ಬೋನಿನ ಕಥೆ ಏನಾಯಿತು ಅಂಕಲ್, ಯಾರಾದರೂ ಸಿಕ್ಕಿದರಾ ಎಂದು ಕೇಳಿದಳು. ಸಿಕ್ಕಿದ, ಕೈಯಲ್ಲೇ ಹಿಡಿದುಕೊಂಡಿದ್ದೆ ಅಂದೆ.

"ಮತ್ತೆ ಪೊಲೀಸಿಗೆ ಕೊಡದೆ ಬಿಟ್ಬಿಟ್ರಾ?"

"ನಾನೆಲ್ಲಿ ಬಿಡ್ಲಿ ಕಣಮ್ಮ," ಅಂದೆ. "ಅವನು ನನ್ನನ್ನ ಬಿಟ್ಟಿದ್ದೇ ಹೆಚ್ಚು."